ಬೇಲಿಯ ಲೆಕ್ಕ

ಬೆಳೆ ಹುಲುಸಾಗಿ ಬಂದಾಗ ಜನರು ಹೊಲವನ್ನು ಹೊಗಳುತ್ತಾರೆ. ಬೇಲಿಯನ್ನು ಯಾರೂ ನೆನೆಯುವುದಿಲ್ಲ. ದನ ನುಗ್ಗಿದ ದಿನ ಮಾತ್ರ ಎಲ್ಲರ ಕಣ್ಣೂ ಬೇಲಿಯ ಮೇಲೆ ಬೀಳುತ್ತದೆ. ಕಬಡ್ಡಿಯಲ್ಲಿ ರಕ್ಷಣೆಗೆ ನಿಂತ ಆಟಗಾರರ ಪಾಡೂ ಇದೇ ಆಗಿದೆ.

ಕಬಡ್ಡಿ ನಮ್ಮ ಮಣ್ಣಿನ ಆಟ. ತುಮಕೂರಿನ ಸದಾಶಿವನಗರದ ಮಕ್ಕಳಿಗಾಗಲಿ, ಗುಬ್ಬಿ, ಕುಣಿಗಲ್ಲುಗಳ ಸುತ್ತಿನ ಹಳ್ಳಿಯ ಮಕ್ಕಳಿಗಾಗಲಿ ಅದನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಒಬ್ಬನು ‘ಕಬಡ್ಡಿ, ಕಬಡ್ಡಿ’ ಎನ್ನುತ್ತ ಎದುರಾಳಿಗಳ ಅಂಗಳಕ್ಕೆ ನುಗ್ಗುತ್ತಾನೆ. ಅಲ್ಲಿರುವ ಏಳು ಮಂದಿ ಅವನನ್ನು ಹಿಡಿದು ನಿಲ್ಲಿಸಿದರೆ ಅವರ ತಂಡಕ್ಕೆ ಒಂದು ಅಂಕ. ಅವನು ಕೊಸರಿಕೊಂಡು ನಡುಗೆರೆ ಮುಟ್ಟಿದನೋ, ಹಿಡಿಯಹೋದವರೆಲ್ಲರೂ ಹೊರಗೆ. ತಲೆಗೊಂದರಂತೆ ಅಂಕ ಅವನ ತಂಡಕ್ಕೆ.

ನೋಡುವವರ ನೆನಪಿನಲ್ಲಿ ಉಳಿಯುವವನು ಈ ದಾಳಿಗಾರನೇ. 2019ರ ಜನವರಿ 5ರಂದು ಪ್ರೊ ಕಬಡ್ಡಿ ಲೀಗಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಬುಲ್ಸ್ ತಂಡವು ಗುಜರಾತಿನ ತಂಡವನ್ನು 38-33 ಅಂಕಗಳಿಂದ ಸೋಲಿಸಿತು. ಪವನ್ ಸೆಹ್ರಾವತ್ ದಾಳಿಯಲ್ಲಿ 22 ಅಂಕ ತಂದುದನ್ನು ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಉಳಿದ 16 ಅಂಕಗಳ ಮಾತನ್ನು ಎತ್ತುವವರು ವಿರಳ. ಗೆಲುವಿನ ಅಂತರ ಕೇವಲ 5 ಆಗಿದ್ದಾಗ ಆ 16 ಅಂಕಗಳು ಅಲ್ಪವೇ?

2014ರಲ್ಲಿ ಆರಂಭವಾದ ಈ ಲೀಗಿನಲ್ಲಿ ರಕ್ಷಕರ ಹಿಡಿತಗಳನ್ನೂ ಎಣಿಸುತ್ತಾರೆ. ರಗ್ಬಿ ಆಟದಲ್ಲಿಯೂ ಯಾರು ಎಷ್ಟು ಬಾರಿ ಎದುರಾಳಿಯನ್ನು ಕೆಡವಿದರು, ಎಷ್ಟು ಬಾರಿ ಕೈತಪ್ಪಿಸಿಕೊಂಡರು ಎಂಬ ಲೆಕ್ಕವಿಡುವ ರೂಢಿಯುಂಟು. ಆದರೆ ಅಂಕಿಗಳನ್ನು ಬರೆದಿಡುವುದು ಬೇರೆ, ಓದುವುದು ಬೇರೆ. ಇಬ್ಬರು ರಕ್ಷಕರನ್ನು ಊಹಿಸಿಕೊಳ್ಳೋಣ. ಮೊದಲನೆಯವನು 20 ಬಾರಿ ಹಿಡಿಯಹೋಗಿ 10 ಬಾರಿ ಗೆದ್ದನು. ಎರಡನೆಯವನು 12 ಬಾರಿ ಹೋಗಿ 8 ಬಾರಿ ಗೆದ್ದನು. ಪಟ್ಟಿಯಲ್ಲಿ ಮೊದಲನೆಯವನೇ ಮುಂದು. ಆದರೆ ಅವನು 10 ಅಂಕ ಗಳಿಸಿ, ಕಡಿಮೆಯೆಂದರೂ 10 ಅಂಕಗಳನ್ನು ಎದುರಾಳಿಗೆ ಒಪ್ಪಿಸಿದ್ದಾನೆ. ಎರಡನೆಯವನು 8 ಗಳಿಸಿ ನಾಲ್ಕನ್ನು ಕಳೆದಿದ್ದಾನೆ. ತಂಡಕ್ಕೆ ಹೆಚ್ಚು ಉಪಕಾರಿ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಲೆಕ್ಕಕ್ಕೂ ಸಿಗದ ಸೇವೆಯೊಂದಿದೆ. ರಕ್ಷಕನೊಬ್ಬನು ತನ್ನ ಜಾಗದಲ್ಲಿ ಎಚ್ಚರದಿಂದ ನಿಂತಿರುವುದರಿಂದಲೇ ದಾಳಿಗಾರನು ಆ ಕಡೆಗೆ ಕಾಲಿಡದೆ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಪ್ರೊ ಕಬಡ್ಡಿಯಲ್ಲಿ ಒಂದು ತಂಡದ ಎರಡು ದಾಳಿಗಳು ಒಂದರ ಹಿಂದೊಂದು ಹೀಗೆ ಬರಿದಾದರೆ, ಮೂರನೆಯ ದಾಳಿಯಲ್ಲಿ ಅಂಕ ತಾರದವನು ಔಟಾಗುತ್ತಾನೆ. ಆಗ ಆತುರದಿಂದ ನುಗ್ಗಿದವನನ್ನು ಮತ್ತೊಬ್ಬನು ಹಿಡಿಯುತ್ತಾನೆ. ಅಂಕವು ಹಿಡಿದವನ ಹೆಸರಿಗೆ ಸೇರುತ್ತದೆ. ಅವನನ್ನು ಆ ಇಕ್ಕಟ್ಟಿಗೆ ತಂದವನ ಹೆಸರಿನ ಮುಂದೆ ಏನೂ ಇರುವುದಿಲ್ಲ.

ಹಾಗೆಂದು ಅಂಕಿ ಅಂಶಗಳನ್ನು ಹಳಿಯುವುದು ಸಲ್ಲದು. ಅವು ಇಲ್ಲದೆ ಹೋದರೆ ತೀರ್ಪು ಚಪ್ಪಾಳೆಯ ಸದ್ದಿಗೆ ಒಳಗಾಗುತ್ತದೆ. ಸದ್ದಿಲ್ಲದೆ ದುಡಿದವನು ತಂಡದಿಂದಲೇ ಹೊರಗುಳಿಯಬಹುದು. ಗಳಿಸಿದ್ದೆಷ್ಟು ಎಂಬುದರ ಜೊತೆಗೆ ಕಳೆದದ್ದೆಷ್ಟು ಎಂದು ಕೇಳಬೇಕು. ತಡೆದದ್ದೆಷ್ಟು ಎಂಬುದನ್ನು ಕಣ್ಣಿಟ್ಟು ನೋಡಬೇಕು. ಲೆಕ್ಕ ಮತ್ತು ನೋಟ ಎರಡೂ ಕೂಡಿದಾಗಲೇ ಬೇಲಿಯಂತೆ ನಿಂತವನಿಗೂ ನ್ಯಾಯ ದೊರೆಯುತ್ತದೆ.