ಮಗ್ಗದ ಮನೆ ಕಥೆಗಳು, ಭಾಗ 4: ಸೋರೋ ಸಂದಿ

ಮೊದಲನೇ ಫೋಟೋದಲ್ಲಿ ಗೋಡೆ ಮೇಲೆ ಕಾಣ್ತಿರೋದು ಡಿಸೈನ್ ಅಲ್ಲ ಫ್ರೆಂಡ್ಸ್. ನಾಲ್ಕು ವರ್ಷದ ಮಳೆ ನೀರಿನ ಕಲೆ.

ದೊಡ್ಡಬಳ್ಳಾಪುರದಲ್ಲಿ ನೇಕಾರರ ಬೀದಿ ನೋಡಿದವರಿಗೆ ಗೊತ್ತು, ಎರಡು ಮನೆ ಮಧ್ಯೆ ಕೈ ತೂರಿಸೋಷ್ಟೂ ಜಾಗ ಇರಲ್ಲ. ಪಕ್ಕದ ಮನೆಯವರು ಮಗ್ಗಕ್ಕೆ ಶೆಡ್ ಹಾಕಿದಾಗ ಅವರ ಶೀಟಿನ ಮೇಲ್ತುದಿ ನಮ್ಮ ಗೋಡೆಗೆ ಬಂದು ತಾಗಿತು. ನಮ್ಮ ಗೋಡೆ ಎತ್ತರ. ಅದರ ಮೇಲೆ ಬಿದ್ದ ಮಳೆ ಸೀದಾ ಆ ಸಂದಿಗೆ ಇಳೀತಿತ್ತು.

ಗೋಡೆ ಈಚೆ ನಮ್ಮ ಮಗ್ಗ. ವಾರ್ಪು ನಮ್ಮದಲ್ಲ, ನೂಲು ಕೊಟ್ಟ ಮಾಲೀಕರದ್ದು. ನಾವು ಸೀರೆಗೆ ಇಷ್ಟು ಅಂತ ಕೂಲಿಗೆ ನೇಯೋದು. ಹೋದ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿ ಎರಡು ಸೀರೆಗೆ ಕಲೆ ಬಿತ್ತು. ಅದರ ದುಡ್ಡು ಅಪ್ಪನ ಕೂಲೀಲಿ ಹಿಡ್ಕೊಂಡ್ರು. ಆವತ್ತು ಅಪ್ಪ ಬೀದೀಲಿ ನಿಂತು ಕೂಗಾಡಿದ್ರು, ‘ನಿಮ್ಮ ಶೀಟಿಂದ ನಮ್ಮನೆ ಹಾಳಾಯ್ತು!’ ಅಂತ. ಆಚೆಯಿಂದ ಆಂಟಿ, ‘ನಿಮ್ಮ ಗೋಡೆ ನೀರು ತಾನೇ ಅದು!’ ಅಂದ್ರು. ಅಷ್ಟೇ. ಮಾತು ಬಂದ್. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ತಗೊಳ್ಳೋದೂ ನಿಂತ್ಹೋಯ್ತು.

ಅಪ್ಪ ಪ್ರತಿ ವರ್ಷ ಸಂದಿಗೆ ಸಿಮೆಂಟ್ ಮೆತ್ತೋರು. ಪ್ರತಿ ವರ್ಷ ಬಿರುಕು. ಕಾರಣ ನಾವು ಪಿಯುಸೀಲಿ ಬಾಯಿಪಾಠ ಹೊಡೆದ ಥರ್ಮಲ್ ಎಕ್ಸ್‌ಪಾನ್ಷನ್. 20 ಅಡಿ ತಗಡು ಮಧ್ಯಾಹ್ನದ ಬಿಸಿಲಿಗೆ ಎರಡು-ಮೂರು ಮಿಲಿಮೀಟರ್ ಹಿಗ್ಗಿ, ರಾತ್ರಿ ಕುಗ್ಗುತ್ತೆ. ಗೋಡೆ ಅಷ್ಟು ಹಿಗ್ಗಲ್ಲ. ಮಧ್ಯೆ ಸಿಕ್ಕ ಸಿಮೆಂಟ್ ಸೀಳುತ್ತೆ. ಸಾಲದ್ದಕ್ಕೆ ಎರಡೂ ಕಡೆ ಪವರ್‌ಲೂಮ್ ಬಡಿತ. (ಇದು ಎಕ್ಸಾಮಲ್ಲಿ ಬಂದಿದ್ರೆ ಐದು ಮಾರ್ಕ್ಸ್ ಗ್ಯಾರಂಟಿ ಇತ್ತು.)

ಈ ಸಲ ಮೇಸ್ತ್ರಿ ಬಂದು, ‘ಆ ಕಡೆಯಿಂದ ನಿಂತೇ ಮಾಡ್ಬೇಕು, ಕೇಳ್ಕೊಂಡು ಬಾ’ ಅಂದ್ರು. ಅಪ್ಪ ಹೋಗಲ್ಲ ಅಂದ್ರು. ನಾನು ಹೋದೆ.

ಶೆಡ್ ಒಳಗೆ ಕಾಲಿಟ್ಟರೆ, ಅದೇ ಗೋಡೆ ಪಕ್ಕ ಮೂರು ಬಕೆಟ್. ಮಗ್ಗದ ಮೇಲೆ ನೀಲಿ ಟಾರ್ಪಾಲ್, ನಮ್ಮನೇಲಿ ಹಾಕಿದ ಹಾಗೇ. ಒಂದು ತುದೀಲಿ ಜಕಾರ್ಡ್ ಕಾರ್ಡುಗಳು ನೆಂದು ಊದ್ಕೊಂಡಿದ್ವು. ಆಂಟಿ ಏನೂ ಹೇಳಲಿಲ್ಲ, ಬಕೆಟ್ ಕಾಲಿಂದ ಪಕ್ಕಕ್ಕೆ ತಳ್ಳಿ, ‘ಯಾವತ್ತು ಬರ್ತಾರೆ ಮೇಸ್ತ್ರಿ?’ ಅಂದ್ರು. ಮನೆಗೆ ಬಂದು ಹೇಳಿದೆ. ಅಪ್ಪ ಸುಮಾರು ಹೊತ್ತು ಸುಮ್ಮನೆ ಕೂತಿದ್ದು, ‘ಅವರಿಗೂ ಸೋರುತ್ತಾ?’ ಅಂದ್ರು.

ಕೆಲಸ ಒಂದೇ ದಿನದ್ದು. ಹಳೇ ಸಿಮೆಂಟ್ ಪೂರ್ತಿ ಕೆರೆದು ತೆಗೆದ್ರು. ಶೀಟಿಗಿಂತ ಅರ್ಧ ಅಡಿ ಮೇಲೆ ನಮ್ಮ ಗೋಡೆಗೆ ಮಷೀನಲ್ಲಿ ಉದ್ದಕ್ಕೂ ಒಂದಿಂಚು ಆಳ ಕೊಯ್ದು, ಮಡಚಿದ ಜಿಂಕ್ ಶೀಟಿನ ಅಂಚನ್ನ ಅದರೊಳಗೆ ತೂರಿಸಿ ಸೀಲ್ ಮಾಡಿದ್ರು. ಕೆಳಗಿನ ಅಂಚು ಅವರ ಶೀಟಿನ ಮೇಲೆ ಸುಮ್ಮನೆ ಕೂತಿದೆ (ಎರಡನೇ ಫೋಟೋ). ಅದಕ್ಕೆ ಸ್ಕ್ರೂ ಇಲ್ಲ! ನಾನು ಕೇಳಿದ್ದಕ್ಕೆ ಮೇಸ್ತ್ರಿ, ‘ಅದು ಆಡ್ಬೇಕು ಕಣಪ್ಪ. ಕಟ್ಟಿಹಾಕಿದ್ರೆ ಮತ್ತೆ ಕಿತ್ಕೊಳುತ್ತೆ’ ಅಂದ್ರು. ಗೋಡೆಗೆ ಪೇಂಟ್ ಇನ್ನೂ ಹೊಡೆದಿಲ್ಲ. ಹಸಿ ಗೋಡೆಗೆ ಹೊಡೆದ್ರೆ ಉಬ್ಬುತ್ತೆ ಅಂತ ಒಣಗೋಕೆ ಬಿಟ್ಟಿದ್ದೀವಿ.

ಖರ್ಚು ಅರ್ಧ-ಅರ್ಧ. ಆಂಟಿ ದುಡ್ಡು ನನ್ನ ಕೈಗೇ ಕೊಟ್ರು, ಅಪ್ಪನ ಕೈಗಲ್ಲ.

ಮೊನ್ನೆ ರಾತ್ರಿ ಗುಡುಗು ಸಮೇತ ಸುರೀತು. ಅಪ್ಪ ಟಾರ್ಚ್ ಹಿಡ್ಕೊಂಡು ಗೋಡೆ ಮುಂದೇನೇ ನಿಂತಿದ್ರು. ಮೂಲೇಲಿ ಒಂದು ಕಡೆ ಸ್ವಲ್ಪ ತೇವ, ಬಾಕಿ ಒಣ. ಅಷ್ಟರಲ್ಲಿ ಆಚೆಯಿಂದ ಗೋಡೆ ತಟ್ಟಿದ ಸದ್ದು, ಆಮೇಲೆ ಆಂಟಿ ದನಿ: ‘ಅಣ್ಣಾ, ನಿಮ್ಕಡೆ ಹೆಂಗಿದೆ?’

#ದೊಡ್ಡಬಳ್ಳಾಪುರ #ಮಗ್ಗದಮನೆಕಥೆಗಳು