ರಾತ್ರಿ ಬಂದವನ ಪ್ರಶ್ನೆ

ಕೊಕಟನೂರಿನ ಸುತ್ತ ಕಬ್ಬು ನುರಿಸುವ ಹಂಗಾಮು ಭರದಲ್ಲಿದ್ದ ದಿನಗಳವು. ಒಂದು ರಾತ್ರಿ ಜಪಮಾಲೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಪರಿಚಿತ ಯುವಕನೊಬ್ಬ ಬಾಗಿಲು ತಟ್ಟಿದ. ಕಾರ್ಖಾನೆಯೊಂದರ ತೂಕದ ಕಾಟಾದಲ್ಲಿ ಅವನು ಗುಮಾಸ್ತ. ರೈತರ ಗಾಡಿಗಳ ತೂಕದಲ್ಲಿ ಕಡಿತವಾಗುವುದನ್ನು ಕಣ್ಣಾರೆ ಕಂಡಿದ್ದ. ಹೆಸರು ಗುಟ್ಟಾಗಿಡುವೆನೆಂದು ಹೇಳಿ ವರದಿಗಾರರೊಬ್ಬರು ಅವನನ್ನು ಮಾತಿಗೆ ಕರೆಯುತ್ತಿದ್ದರು.

"ಹೇಳಿದ್ರ ನೌಕರಿ ಹೊಕ್ಕೈತ್ರಿ ಫಾದರ್. ಹೇಳಲಿಲ್ಲಂದ್ರ ನಿದ್ದಿ ಬರಂಗಿಲ್ರಿ. ಏನ್ ಮಾಡ್ಲಿ?"

ಗುಟ್ಟು ಕಾಯುವುದು ಯಾಜಕನ ಧರ್ಮ. ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಬಯಲು ಮಾಡಬಾರದೆಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ. ಪತ್ರಕರ್ತರ ವಚನಕ್ಕೆ ಅಂಥ ಕೋಟೆಯಿಲ್ಲ. ಸುದ್ದಿಮೂಲವನ್ನು ತಿಳಿಸುವಂತೆ ಪತ್ರಿಕಾ ಮಂಡಳಿಯು ಬಲವಂತಪಡಿಸಲಾಗದೆಂದು 1978ರ ಕಾಯ್ದೆ ಹೇಳುತ್ತದೆ. ಆದರೆ ಆ ರಕ್ಷಣೆ ನ್ಯಾಯಾಲಯಕ್ಕೆ ಅನ್ವಯಿಸದು.

ಸತ್ಯೇಂದ್ರ ದುಬೆಯವರು ನೆನಪಾದರು. ಹೆದ್ದಾರಿ ಕಾಮಗಾರಿಯ ಅಕ್ರಮಗಳ ಕುರಿತು 2002ರಲ್ಲಿ ಪ್ರಧಾನಿ ಕಾರ್ಯಾಲಯಕ್ಕೆ ಬರೆದ ಆ ಎಂಜಿನಿಯರ್, ತಮ್ಮ ಹೆಸರನ್ನು ಗುಟ್ಟಾಗಿಡಲು ಕೋರಿದ್ದರು. ಪತ್ರವು ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸಾಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಕೊಲೆ ದರೋಡೆಗಾಗಿ ನಡೆಯಿತೆಂದು ಸಿಬಿಐ ಹೇಳಿತಾದರೂ, ಕೊಟ್ಟ ನಂಬಿಕೆ ಮುರಿದದ್ದು ಸುಳ್ಳಾಗಲಿಲ್ಲ.

'ಸುಮ್ಮನಿರು ತಮ್ಮಾ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಹಾಗೆ ಹೇಳುವ ಹಕ್ಕು ನನಗಿದೆಯೇ? ನಮ್ಮ ಧರ್ಮಸಭೆಯೊಳಗೆ ಮಕ್ಕಳ ಮೇಲೆ ನಡೆದ ದೌರ್ಜನ್ಯವನ್ನು 2002ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು ಬಯಲಿಗೆ ತಂದದ್ದು, ನೊಂದವರು ಬಾಯಿ ತೆರೆದದ್ದರಿಂದ. 2021ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರೇ ಅದಕ್ಕಾಗಿ ಪತ್ರಕರ್ತರಿಗೆ ಕೃತಜ್ಞತೆ ಸಲ್ಲಿಸಿದರು. ಸುಮ್ಮನಿರಿ ಎಂದು ಅಂದು ಹೇಳಿದವರಲ್ಲಿ ನಮ್ಮಂಥ ಯಾಜಕರೂ ಇದ್ದರು.

ಆದ್ದರಿಂದ ನಾನು ಬೇಡವೆನ್ನಲಿಲ್ಲ. ಹೋಗು ಎಂದೂ ದೂಡಲಿಲ್ಲ. ಕಳೆದುಕೊಳ್ಳುವ ನೌಕರಿ ನನ್ನದಲ್ಲವಲ್ಲ! ಇಷ್ಟು ಮಾತ್ರ ಹೇಳಿದೆ: "ಬಾಯಿ ಬಿಡುವ ಮೊದಲೇ ಕರಾರು ಮಾಡಿಕೊ. ಹೆಸರಷ್ಟೇ ಅಲ್ಲ, ಊರು, ಹುದ್ದೆ ಯಾವುದೂ ಅಚ್ಚಾಗಬಾರದು. ಇಬ್ಬರೇ ಕಾಣುವ ಕಾಗದವನ್ನು ಕೊಟ್ಟರೆ, ಹೆಸರು ಹೇಳದೆಯೂ ನಿನ್ನ ಗುರುತು ಸಿಗುತ್ತದೆ. ನಿನ್ನ ಮಾತು ದಾರಿ ತೋರಿದರೆ ಸಾಕು. ಸಾಕ್ಷಿಯನ್ನು ಅವರೇ ಹುಡುಕಲಿ. ರೈತರು ಹೊರಗಿನ ಕಾಟಾದಲ್ಲಿ ತೂಗಿಸಿ, ಬಳಿಕ ಕಾರ್ಖಾನೆಗೆ ಗಾಡಿ ಒಯ್ದರೆ ಎರಡು ಚೀಟಿಗಳೇ ಮಾತಾಡುತ್ತವೆ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಲೂ ಆ ಚೀಟಿಗಳು ಆದೀತು."

ಅವನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಎದ್ದುಹೋದ. ಕೆಲವು ವಾರಗಳ ನಂತರ ಪತ್ರಿಕೆಯಲ್ಲಿ ರೈತರ ಚೀಟಿಗಳ ಸುದ್ದಿ ಬಂದಿತು. ಅವನು ಮಾತಾಡಿದನೋ ಇಲ್ಲವೋ, ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಿಕೊದೇಮನೂ ಯೇಸುಸ್ವಾಮಿಯ ಬಳಿ ಬಂದದ್ದು ರಾತ್ರಿಯಲ್ಲಿಯೇ. ಸ್ವಾಮಿ ಅವನ ಅಂಜಿಕೆಯನ್ನು ಹಂಗಿಸಲಿಲ್ಲ. ಅದೇ ನಿಕೊದೇಮ ಮುಂದೆ ಸಭೆಯಲ್ಲಿ ನ್ಯಾಯದ ಪರ ದನಿಯೆತ್ತಿದ. ಶಿಲುಬೆಯಿಂದಿಳಿಸಿದ ದೇಹಕ್ಕೆ ಹಗಲಿನಲ್ಲಿಯೇ ಸುಗಂಧದ್ರವ್ಯ ತಂದ. ರಾತ್ರಿ ಬಾಗಿಲು ತಟ್ಟುವವರನ್ನು ಹೇಡಿಗಳೆನ್ನದಿರೋಣ. ಅವರ ಗುಟ್ಟು ಕಾಯುವ ಮನೆ ನಮ್ಮದಾಗಲಿ.