ಆರು ರಂಧ್ರದ ತಗಡಿನೊಳಗೆ ಒಂದು ಊರು

ಗಾಲ್ವೇ ನಗರ ದಾಟಿ ದಕ್ಷಿಣಕ್ಕೆ ತಿರುಗಿದ ಬಸ್ಸು ಕಡಲಂಚಿನ ಕಿರಿದಾದ ರಸ್ತೆ ಹಿಡಿಯಿತು. ಸ್ವಲ್ಪ ಹೊತ್ತಿಗೆಲ್ಲ ಕಿಟಕಿಯಾಚೆಗಿನ ಹಸಿರು ಕಡಿಮೆಯಾಗುತ್ತಾ ಬಂದು ಕಲ್ಲು ಶುರುವಾಯಿತು. ಬೆಟ್ಟವೂ ಕಲ್ಲು, ಬಯಲೂ ಕಲ್ಲು, ಹೊಲದ ಬೇಲಿಯೂ ಕಲ್ಲು. ಐರ್ಲೆಂಡಿನ ಪಶ್ಚಿಮ ಅಂಚಿನ ಕ್ಲೇರ್ ಕೌಂಟಿಯಲ್ಲಿರುವ ಈ ನೆಲಕ್ಕೆ ಬರೆನ್ ಎಂದು ಹೆಸರು. ಮೂವತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಬೆಚ್ಚನೆಯ ಕಡಲಿನ ತಳದಲ್ಲಿ ಕೂಡಿಕೊಂಡ ಸುಣ್ಣಕಲ್ಲು ಇದು. ಇಷ್ಟು ಬೋಳಾದ ಬಂಡೆಯ ಮೇಲೆ ಏನು ಬೆಳೆದೀತು ಎಂದು ಇಳಿದು ನೋಡಿದರೆ, ಪ್ರತಿ ಬಿರುಕಿನಲ್ಲೂ ಜೆರೇನಿಯಂ ಜಾತಿಯ ಗಾಢ ಗುಲಾಬಿ ಹೂಗಳು ಗಾಳಿಗೆ ತಲೆಯಾಡಿಸುತ್ತಿದ್ದವು. ಜುಲೈ ತಿಂಗಳ ಆರಂಭ. ರಾತ್ರಿ ಹತ್ತಾದರೂ ಬೆಳಕು ಆರದ ಕಾಲ.

ನಾನು ಹೊರಟಿದ್ದು ಡೂಲಿನ್ ಎಂಬ ಹಳ್ಳಿಗೆ. ಹಳ್ಳಿ ಎಂದರೆ ಒಂದೆಡೆ ಗುಂಪಾಗಿರುವ ಮನೆಗಳಲ್ಲ. ಕಡಲ ಕಡೆಗೆ ಫಿಶರ್ ಸ್ಟ್ರೀಟ್, ಒಳಗಡೆಗೆ ರೋಡ್‌ಫರ್ಡ್, ನಡುವೆ ಹುಲ್ಲುಗಾವಲು, ದನ, ಒಂದು ಸಣ್ಣ ಹೊಳೆ. ದಡದಿಂದ ದೋಣಿ ಹತ್ತಿದರೆ ಅರಾನ್ ದ್ವೀಪಗಳು. ದಕ್ಷಿಣಕ್ಕೆ ನಡೆದರೆ ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತ ಮೋಹರ್ ಕಡಿಬಂಡೆಗಳು, ಅತಿ ಎತ್ತರದ ಜಾಗದಲ್ಲಿ 214 ಮೀಟರ್. ಬಂದವರಲ್ಲಿ ಹೆಚ್ಚಿನವರು ಆ ಬಂಡೆಗಳನ್ನು ನೋಡಿ ಹೊರಟುಬಿಡುತ್ತಾರೆ. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಒಂದು ಧ್ವನಿಮುದ್ರಿಕೆ. ಅದರಲ್ಲಿ ಟಿನ್ ವಿಸಲ್ ಎಂಬ ತಗಡಿನ ಕೊಳಲು ನುಡಿಸಿದ್ದವರು ಇದೇ ಊರಿನ ಒಬ್ಬ ಸಣ್ಣ ರೈತ, ಮೀಹೋ ರಸೆಲ್.

ಮರುದಿನ ಬೆಳಿಗ್ಗೆ ಡೂನಗೋರ್ ದಿಬ್ಬ ಹತ್ತಿದೆ. ಮೇಲೆ ದುಂಡನೆಯ ಹಳೆಯ ಕೋಟೆಮನೆ, ಕೆಳಗೆ ಇಡೀ ಊರು, ಆಚೆ ಬಿಳಿನೊರೆಯ ಕಡಲು, ಅದರಾಚೆ ಇನಿಶೀರ್ ದ್ವೀಪ. 1915ರ ಮಾರ್ಚ್ 25ರಂದು ಮೀಹೋ ಹುಟ್ಟಿದ್ದು ಈ ಡೂನಗೋರ್‌ನಲ್ಲಿ. ತಾಯಿ ಕಾನ್ಸರ್ಟೀನಾ ಎಂಬ ಕೈತಿದಿಯ ವಾದ್ಯ ನುಡಿಸುತ್ತಿದ್ದರು, ತಂದೆ ಪಕ್ಕವಾದ್ಯವಿಲ್ಲದೆ ಹಾಡುವ ಹಳೆಯ ಐರಿಷ್ ಪದ್ಧತಿಯ ಹಾಡುಗಾರ. ತಮ್ಮ ಪ್ಯಾಕಿ ಕಲ್ಲುಕುಟಿಗ, ತಾಯಿಯ ಕಾನ್ಸರ್ಟೀನಾ ಅವನ ಕೈಗೆ ಬಂತು. ಇನ್ನೊಬ್ಬ ತಮ್ಮ ಗಸ್ಸಿ ಕೊಳಲು ಹಿಡಿದ. ಸಂಗೀತಕ್ಕೆ ಪಾಠಶಾಲೆ ಇರಲಿಲ್ಲ, ಅಡುಗೆಮನೆಯೇ ಶಾಲೆ. ಆ ಕಾಲದ ಕ್ಲೇರ್‌ನಲ್ಲಿ ರಾತ್ರಿ ಯಾರದಾದರೂ ಮನೆಯಲ್ಲಿ ಒಲೆಯ ಸುತ್ತ ನೆರೆಹೊರೆಯವರು ಕೂಡುತ್ತಿದ್ದರು. ಒಬ್ಬರು ನುಡಿಸಿದರೆ ಉಳಿದವರು ಹಾಸುಗಲ್ಲಿನ ನೆಲದ ಮೇಲೆ ಬೂಟುಗಾಲಿನಿಂದ ತಾಳ ಬೀಳಿಸುತ್ತಾ ಕುಣಿಯುತ್ತಿದ್ದರು.

ಆ ಹಾಸುಗಲ್ಲನ್ನು ಹತ್ತಿರದಿಂದ ನೋಡಬೇಕು. ಡೂಲಿನ್, ಲಿಸ್ಕ್ಯಾನರ್ ಸುತ್ತಿನ ಗಣಿಗಳಿಂದ ತೆಗೆದ ಆ ಕರಿಬೂದು ಚಪ್ಪಡಿಗಳ ಮೇಲೆಲ್ಲ ಬೆರಳಗಲದ ಸುರುಳಿ ಸುರುಳಿ ಗೀರುಗಳು. ಕೋಟ್ಯಂತರ ವರ್ಷಗಳ ಹಿಂದೆ ಕಡಲತಳದ ಕೆಸರಿನಲ್ಲಿ ಯಾವುದೋ ಸಣ್ಣ ಜೀವಿ ಹರಿದಾಡಿದ ಜಾಡು ಅದು, ಕೆಸರು ಕಲ್ಲಾದಾಗ ಹಾಗೆಯೇ ಉಳಿದಿದೆ. ಇಲ್ಲಿ ಹೊಲದ ಬೇಲಿಗೂ ಅದೇ ಚಪ್ಪಡಿ, ಪಬ್ಬಿನ ನೆಲಕ್ಕೂ ಅದೇ. ಮೈಗೆ ಮೈ ತಾಗಿಸಿ ನಿಲ್ಲಿಸಿದ ಚಪ್ಪಡಿಗಳ ಬೇಲಿಯ ಪಕ್ಕದಲ್ಲಿ ನಿಂತು ಒಂದು ಗೀರಿನ ಮೇಲೆ ಬೆರಳಾಡಿಸಿದೆ. ಎಷ್ಟು ಸಣ್ಣ ಜೀವಿ, ಎಷ್ಟು ದೀರ್ಘವಾದ ಗುರುತು!

1935ರಲ್ಲಿ ಐರ್ಲೆಂಡ್ ಸರ್ಕಾರ ಸಾರ್ವಜನಿಕ ನೃತ್ಯಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಆ ಕಾನೂನನ್ನು ಮುಂದಿಟ್ಟುಕೊಂಡು ಪಾದ್ರಿಗಳೂ ಪೊಲೀಸರೂ ಮನೆಗಳ ಕುಣಿತದ ಮೇಲೆ ಕಣ್ಣಿಟ್ಟರು. ಅದರ ಬೆನ್ನಿಗೇ ಬಡತನ, ವಲಸೆ. ನುಡಿಸುವವರು ಬಾಸ್ಟನ್ನಿಗೂ ಲಂಡನ್ನಿಗೂ ಹೋದರು, ಒಲೆಯ ಸುತ್ತಿನ ಜಾಗ ಖಾಲಿಯಾಗುತ್ತಾ ಬಂತು. ಈ ರಾಗಗಳು ಅಲ್ಲಿಗೇ ಮುಗಿದುಹೋಗಬಹುದಿತ್ತು. ಮುಗಿಯಲಿಲ್ಲ. ಕಾರಣ, ಮೀಹೋ ಅವರಂಥ ಕೆಲವರು ಊರು ಬಿಡಲಿಲ್ಲ, ನುಡಿಸುವುದನ್ನೂ ಬಿಡಲಿಲ್ಲ.

ಅವರ ಕೈಯಲ್ಲಿದ್ದ ವಾದ್ಯವಾದರೂ ಎಂಥದು? ನಮ್ಮ ಜಾತ್ರೆಗಳಲ್ಲಿ ಮಕ್ಕಳ ಕೈಗೆ ಕೊಡಿಸುವ ಪೀಪಿಗಿಂತ ಹೆಚ್ಚೇನೂ ಅಲ್ಲ ಎನ್ನಿಸುವಂಥದು. ಡೂಲಿನ್ನಿನ ಅಂಗಡಿಯಲ್ಲಿ ಒಂದನ್ನು ಕೊಂಡು ಬೆಳಕಿಗೆ ಹಿಡಿದು ನೋಡಿದೆ. ಒಂದಡಿ ಉದ್ದದ ತೆಳು ಕೊಳವೆ, ಆರು ರಂಧ್ರ, ತುದಿಯಲ್ಲಿ ಊದುಬಾಯಿ. ಬೆಲೆ ಒಂದು ಊಟದಷ್ಟೂ ಇಲ್ಲ. ಆರನ್ನೂ ಮುಚ್ಚಿ ಮೆಲ್ಲಗೆ ಊದಿದರೆ ಕೆಳಗಿನ ಸ್ವರ, ಅದೇ ಬೆರಳುಗಳಲ್ಲಿ ಉಸಿರನ್ನು ಬಿಗಿಮಾಡಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ. ಹೀಗೆ ಎರಡು ಸ್ಥಾಯಿ. ಜೋರು ಮೆದು ಮಾಡಲು ಹೆಚ್ಚಿನ ಅವಕಾಶವಿಲ್ಲ, ಏಕೆಂದರೆ ಉಸಿರು ಹೆಚ್ಚಿದರೆ ಸ್ವರವೇ ಮೇಲಕ್ಕೆ ಜಿಗಿಯುತ್ತದೆ. ನಮ್ಮ ಬಿದಿರಿನ ಕೊಳಲಿನಂತೆ ತುಟಿ ತಿರುಗಿಸಿ ನಾದವನ್ನು ಬಗ್ಗಿಸುವ ಹಾಗೂ ಇಲ್ಲ. ವಾದಕನಿಗೆ ಉಳಿಯುವುದು ಬೆರಳು, ನಾಲಗೆ, ಉಸಿರು, ಲಯ. ಅಷ್ಟೇ.

ಊದುವ ಈ ಸಣ್ಣ ನಳಿಗೆಯ ವಂಶ ಹಳೆಯದು. ಡಬ್ಲಿನ್ ನಗರದ ಹೈ ಸ್ಟ್ರೀಟಿನಲ್ಲಿ ಅಗೆದಾಗ ಹನ್ನೆರಡನೆಯ ಶತಮಾನದ ಮೂಳೆಯ ವಿಸಲ್‌ಗಳು ಸಿಕ್ಕಿವೆ. ತಗಡಿನದು ಬಂದದ್ದು ಬಹಳ ಈಚೆಗೆ, ಅದೂ ಇಂಗ್ಲೆಂಡಿನಿಂದ. ಸಫೋಕ್ ಸೀಮೆಯ ರಾಬರ್ಟ್ ಕ್ಲಾರ್ಕ್ ಎಂಬ ಕೃಷಿಕೂಲಿಯವನು ತವರ ಲೇಪಿಸಿದ ತಗಡನ್ನು ಸುತ್ತಿ, ಬಾಯಿಗೆ ಮರದ ಬೆಣೆ ಕೂರಿಸಿ ಕೊಳಲು ಮಾಡಿದ. 1843ರಲ್ಲಿ ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು, ದಾರಿಯುದ್ದಕ್ಕೂ ಮಾರುತ್ತಾ ಮ್ಯಾಂಚೆಸ್ಟರ್‌ಗೆ ನಡೆದುಹೋದ. ಈ ಅಗ್ಗದ ಸರಕು ಐರ್ಲೆಂಡಿನ ಬಡ ಅಡುಗೆಮನೆಗಳನ್ನು ಹೊಕ್ಕು ಆ ನಾಡಿನದೇ ವಾದ್ಯವಾಗಿಬಿಟ್ಟದ್ದು ನನಗೆ ಇಂದಿಗೂ ಬೆರಗು.

ಸಂಜೆ ಫಿಶರ್ ಸ್ಟ್ರೀಟಿನ ಓಕಾನರ್ಸ್ ಪಬ್ಬಿಗೆ ಹೋದೆ. ಬಾಗಿಲಿನ ಮೇಲೆ 1832 ಎಂಬ ಇಸವಿ. ಮೀಹೋ, ಪ್ಯಾಕಿ, ಗಸ್ಸಿ ಮೂವರೂ ವರ್ಷಗಟ್ಟಲೆ ಕೂತು ನುಡಿಸಿದ ಜಾಗ ಇದು. ಅರವತ್ತು ಎಪ್ಪತ್ತರ ದಶಕದಲ್ಲಿ ಜಾನಪದ ಸಂಗೀತದ ಹುಡುಕಾಟದಲ್ಲಿ ಹೊರಟ ಯುರೋಪಿನ ಯುವಕರು ಬೆನ್ನಚೀಲ ಹೊತ್ತು ಇಲ್ಲಿಗೆ ಬರತೊಡಗಿದರು. ವೇದಿಕೆ ಇಲ್ಲ, ಮೈಕಿಲ್ಲ. ಮೂಲೆಯ ಮೇಜಿನ ಸುತ್ತ ಪಿಟೀಲು, ಕಾನ್ಸರ್ಟೀನಾ, ಬೌರಾನ್ ಎಂಬ ಚರ್ಮದ ತಮಟೆ. ನುಡಿಸುವವರು ಕೇಳುಗರತ್ತ ಮುಖ ಮಾಡುವುದಿಲ್ಲ, ಒಬ್ಬರಿಗೊಬ್ಬರು ಎದುರಾಗಿ ಕೂರುತ್ತಾರೆ. ಇದಕ್ಕೆ ಅವರು ಸೆಷನ್ ಎನ್ನುತ್ತಾರೆ. ಎಪ್ಪತ್ತು ದಾಟಿದ ಒಬ್ಬ ಹಿರಿಯರು ಕೋಟಿನ ಒಳಜೇಬಿನಿಂದ ವಿಸಲ್ ತೆಗೆದು, ಅಂಗೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ, ಬಲಗಾಲಿನಲ್ಲಿ ತಾಳ ಹಿಡಿದರು.

ಶುರುವಾದದ್ದು ರೀಲ್ ಎಂಬ ಕುಣಿತದ ರಾಗ. ಎಂಟು ಆವರ್ತದ ಒಂದು ಭಾಗ ಎರಡು ಸಲ, ಎಂಟು ಆವರ್ತದ ಇನ್ನೊಂದು ಭಾಗ ಎರಡು ಸಲ. ಇಡೀ ರಾಗ ಎರಡೋ ಮೂರೋ ಬಾರಿ ಸುತ್ತಿ, ಒಂದು ಕ್ಷಣವೂ ನಿಲ್ಲದೆ ಬೇರೊಂದು ರಾಗಕ್ಕೆ ಹಾರುತ್ತದೆ. ಆ ಹಾರುವ ಗಳಿಗೆಯಲ್ಲಿ ಪಬ್ಬಿನಲ್ಲಿ ಯಾರೋ ಒಬ್ಬರು ಸಂತೋಷಕ್ಕೆ ಕೂಗಿಬಿಡುತ್ತಾರೆ. ನಾನು ಹಿರಿಯರ ಬೆರಳುಗಳನ್ನೇ ನೋಡುತ್ತಿದ್ದೆ. ಒಂದೇ ಸ್ವರ ಮತ್ತೆ ಬರಬೇಕಾದಾಗ ಅವರು ಉಸಿರು ತಡೆಯುವುದಿಲ್ಲ. ಮೇಲಿನ ಬೆರಳೊಂದನ್ನು ಕಣ್ಣಿಗೆ ಕಾಣದಷ್ಟು ಬೇಗ ಎತ್ತಿ ಇಳಿಸುತ್ತಾರೆ, ಅದು ಕಟ್. ಕೆಳಗಿನ ಬೆರಳಿನಿಂದ ರಂಧ್ರವನ್ನು ಫಕ್ಕನೆ ತಟ್ಟುತ್ತಾರೆ, ಅದು ಟ್ಯಾಪ್. ಎರಡನ್ನೂ ಒಂದು ಸ್ವರದ ಉದ್ದದೊಳಗೆ ಕೂಡಿಸಿದರೆ ರೋಲ್. ಗಮಕ ಕೇಳಿ ಬೆಳೆದ ಕಿವಿಗೆ ಇದು ಹೊಸದು. ಗಮಕದಲ್ಲಿ ಸ್ವರ ತೂಗುತ್ತದೆ, ಜಾರುತ್ತದೆ. ಇಲ್ಲಿ ಸ್ವರ ತನ್ನ ಜಾಗದಲ್ಲೇ ನಿಂತಿರುತ್ತದೆ, ಅದರೊಳಗೆ ಲಯ ಮಿಡಿಯುತ್ತದೆ. ಗಾಳಿ ನಿಲ್ಲದೆ ಹರಿಯುವ ಬ್ಯಾಗ್‌ಪೈಪಿನಲ್ಲಿ ಸ್ವರಗಳನ್ನು ಬಿಡಿಸಿ ತೋರಿಸಲು ಬೆರಳೊಂದೇ ದಾರಿ. ಆ ವಿದ್ಯೆ ಈ ಪುಟ್ಟ ಕೊಳಲಿಗೂ ಇಳಿದು ಬಂದಿದೆ.

ವಿರಾಮದಲ್ಲಿ ಹಿರಿಯರ ಪಕ್ಕ ಕೂತು ಮೀಹೋ ಅವರನ್ನು ನೋಡಿದ್ದೀರಾ ಎಂದು ಕೇಳಿದೆ. ಅವರ ಮುಖ ಅರಳಿತು. "ನೋಡಿದ್ದೇನೆ. ತಲೆಯ ಮೇಲೆ ಟೋಪಿ, ತುಟಿಯ ಮೇಲೆ ಮೊದಲು ಕಥೆ. ಈ ರಾಗ ಯಾರಿಂದ ಬಂತು, ಯಾವ ಮನೆಯಲ್ಲಿ ಕೇಳಿದ್ದು, ಎಲ್ಲ ಹೇಳಿ ಮುಗಿಸುವ ತನಕ ವಿಸಲ್ ಬಾಯಿಗೆ ಹೋಗುತ್ತಿರಲಿಲ್ಲ" ಎಂದರು. ತಮ್ಮ ಕೊಳಲನ್ನು ನನ್ನ ಕೈಯಲ್ಲಿಟ್ಟು, "ನಾವೆಲ್ಲ ಸ್ವರ ತುಂಬಿಸುತ್ತೇವೆ. ಅವರು ಬಿಡುತ್ತಿದ್ದರು" ಎಂದೂ ಸೇರಿಸಿದರು.

ಆ ಮಾತು ಎಷ್ಟು ನಿಜ ಎಂದು ರಾತ್ರಿ ಧ್ವನಿಮುದ್ರಿಕೆ ಮತ್ತೆ ಕೇಳಿದಾಗ ತಿಳಿಯಿತು. ಮೀಹೋ ಅವರ ನುಡಿಸಾಣಿಕೆಯಲ್ಲಿ ವೇಗದ ಪ್ರದರ್ಶನವಿಲ್ಲ. ನಾಲಗೆಯಿಂದ ಅಲ್ಲಲ್ಲಿ ಒಂದು ಒತ್ತು, ಅಲ್ಲಲ್ಲಿ ಒಂದು ಅಲಂಕಾರ, ನಡುವೆ ಉಸಿರಾಡಲು ಜಾಗ. ಅದೇ ರಾಗ ಎರಡನೆಯ ಸುತ್ತಿನಲ್ಲಿ ಒಂದೆರಡು ಸ್ವರ ಬದಲಿಸಿಕೊಂಡು ಬರುತ್ತದೆ, ಕಿವಿಗೊಟ್ಟವರಿಗಷ್ಟೇ ಸಿಗುತ್ತದೆ. ರಾಗದ ಮೂಳೆ ಕಾಣುವಷ್ಟು ತಿಳಿಯಾದ ನಾದ. ಹೊಲದ ಕೆಲಸ ಮುಗಿಸಿ ಬಂದ ಮನುಷ್ಯ ತನ್ನ ನೆರೆಯವರಿಗೆ ಮಾತಾಡಿದಷ್ಟು ಸಹಜ.

ಲೋಕ ಈ ಸಹಜತೆಯನ್ನು ತಡವಾಗಿ ಗುರುತಿಸಿತು. 1973ರಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಅವರು ಅಖಿಲ ಐರ್ಲೆಂಡ್ ಟಿನ್ ವಿಸಲ್ ಸ್ಪರ್ಧೆ ಗೆದ್ದರು. 1975ರಲ್ಲಿ ಟಾಪಿಕ್ ಸಂಸ್ಥೆ ಮೂವರು ಅಣ್ಣತಮ್ಮಂದಿರ ಸಂಗೀತದ ಧ್ವನಿಮುದ್ರಿಕೆ ಹೊರತಂದಿತು. 1977ರಲ್ಲಿ ಪ್ಯಾಕಿ ತೀರಿಕೊಂಡರು. ಮೀಹೋ ಜರ್ಮನಿಗೆ, ಅಮೆರಿಕಕ್ಕೆ ಹೋಗಿ ದೊಡ್ಡ ಸಭೆಗಳ ಮುಂದೆ ನುಡಿಸಿದರು, ಅಲ್ಲೂ ಅದೇ ಕಥೆ, ಅದೇ ತಗಡಿನ ಕೊಳಲು. ಪ್ರತಿ ಸಲವೂ ಡೂಲಿನ್‌ಗೇ ಹಿಂದಿರುಗಿದರು. 1994ರ ಫೆಬ್ರವರಿ 19ರಂದು ಕಾರು ಅಪಘಾತದಲ್ಲಿ ಅವರು ತೀರಿಕೊಂಡಾಗ ಎಪ್ಪತ್ತೊಂಬತ್ತು ತುಂಬಲು ಒಂದು ತಿಂಗಳಷ್ಟೇ ಬಾಕಿಯಿತ್ತು. ಈಗ ಪ್ರತಿವರ್ಷ ಫೆಬ್ರವರಿ ಕೊನೆಯಲ್ಲಿ ಅವರ ನೆನಪಿಗೆ ಊರು ಸಂಗೀತೋತ್ಸವ ನಡೆಸುತ್ತದೆ.

ಡೂಲಿನ್‌ನಿಂದ ಕಡಲಗುಂಟ ದಕ್ಷಿಣಕ್ಕೆ ಹೊರಟರೆ ಮಿಲ್‌ಟೌನ್ ಮಾಲ್ಬೆ. ಪೈಪ್ ವಾದಕ ವಿಲ್ಲೀ ಕ್ಲಾನ್ಸಿ 1973ರ ಜನವರಿಯಲ್ಲಿ ತೀರಿಕೊಂಡ ಮೇಲೆ ಗೆಳೆಯರು ಅದೇ ಬೇಸಿಗೆಯಲ್ಲಿ ಅವರ ಹೆಸರಿನ ಸಂಗೀತಶಾಲೆ ಆರಂಭಿಸಿದರು. ಪ್ರತಿ ಜುಲೈ ಮೊದಲಲ್ಲಿ ಒಂದು ವಾರ ಇಡೀ ಪೇಟೆ ತರಗತಿಯಾಗುತ್ತದೆ. ಕೆಫೆಯಲ್ಲಿ, ಬೀದಿಯಂಚಿನ ಬೆಂಚಿನಲ್ಲಿ, ಎಲ್ಲೆಲ್ಲೂ ವಾದ್ಯ ಹಿಡಿದವರು. ಒಂದು ಕೋಣೆಯ ತೆರೆದ ಬಾಗಿಲಲ್ಲಿ ನಿಂತೆ. ಒಳಗೆ ಏಳೆಂಟು ವರ್ಷದ ಮಕ್ಕಳು. ಮುಂದೆ ಸ್ವರಲಿಪಿಯ ಹಾಳೆಯಿಲ್ಲ. ಕಲಿಸುವಾಕೆ ಒಂದು ತುಣುಕು ನುಡಿಸಿದರು, ಮಕ್ಕಳು ಅದನ್ನೇ ನುಡಿಸಿದರು. ಇನ್ನೊಂದು ತುಣುಕು. ಎರಡನ್ನೂ ಸೇರಿಸಿ ಮತ್ತೊಮ್ಮೆ. ಮುಂದೆ ಪೈಪೋ ಕೊಳಲೋ ಹಿಡಿಯುವ ಎಷ್ಟೋ ಮಕ್ಕಳಿಗೆ ಮೊದಲ ವಾದ್ಯ ಟಿನ್ ವಿಸಲ್. ಅದರಲ್ಲೇ ಉಳಿದು ಶಿಖರ ಮುಟ್ಟಿದವರೂ ಇದ್ದಾರೆ. ಮೇರಿ ಬರ್ಗಿನ್ ಅವರು 1979ರಲ್ಲಿ ತಂದ ಧ್ವನಿಮುದ್ರಿಕೆಯನ್ನು ಇಂದಿಗೂ ಕಲಿಯುವವರು ಪಾಠದಂತೆ ಕೇಳುತ್ತಾರೆ. ಮೀಹೋ ಅವರದು ಬಿಡುವಿನ ಸೊಗಸಾದರೆ ಬರ್ಗಿನ್ ಅವರದು ನಿಖರತೆ ಮತ್ತು ಚಿಮ್ಮುವ ಹುರುಪು. ಆರೇ ರಂಧ್ರಗಳಲ್ಲಿ ಇಬ್ಬರಿಗೂ ಜಾಗವಿದೆ.

ಈ ಸಂಗೀತವನ್ನು ಉಳಿಸಿದ್ದು ಅರಮನೆಯಲ್ಲ, ದೊಡ್ಡ ಸಭಾಂಗಣವೂ ಅಲ್ಲ. ರಾಗ ಕೊಟ್ಟವರ ಹೆಸರನ್ನು ಮರೆಯದ ರೈತರು, ಕಲ್ಲುಕುಟಿಗರು, ಅವರ ಪಕ್ಕದಲ್ಲಿ ಮಕ್ಕಳಿಗೆ ಕೂರಲು ಜಾಗ ಕೊಟ್ಟ ಮನೆಗಳು ಉಳಿಸಿದವು. ಕ್ಲೇರ್ ಕಡೆಗೆ ಹೋಗುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಮೋಹರ್ ಬಂಡೆಗಳನ್ನು ಕಣ್ತುಂಬ ನೋಡಿ, ಆದರೆ ಸಂಜೆಯ ಬಸ್ಸು ಹತ್ತಬೇಡಿ. ಒಂದು ರಾತ್ರಿ ಡೂಲಿನ್‌ನಲ್ಲಿ ಉಳಿಯಿರಿ. ನುಡಿಸುವವರ ಹತ್ತಿರದ ಬೆಂಚಿನಲ್ಲಿ ಕೂತು ಒಂದೇ ರಾಗ ಎರಡನೆಯ ಸಲ, ಮೂರನೆಯ ಸಲ ಬರುವುದನ್ನು ಗಮನವಿಟ್ಟು ಕೇಳಿ. ಅದು ಯಾವ ರಾಗ, ಯಾರಿಂದ ಕಲಿತದ್ದು ಎಂದು ವಿರಾಮದಲ್ಲಿ ಕೇಳಿ ನೋಡಿ. ಅವರು ಒಬ್ಬರ ಹೆಸರು ಹೇಳುತ್ತಾರೆ, ಆ ಒಬ್ಬರಿಗೆ ಕಲಿಸಿದ ಇನ್ನೊಬ್ಬರ ಹೆಸರನ್ನೂ ಹೇಳುತ್ತಾರೆ, ಮತ್ತೆ ಕೊಳಲು ಎತ್ತಿಕೊಳ್ಳುತ್ತಾರೆ.